ಯಾರ ಬಾಯಲ್ಲಿ ಪರೀಕ್ಷಿಸಿದ ಪುರಾವೆ?

ಸಂಶೋಧನೆಯ ಪುರಾವೆ ನೋಡಿ ಹಲ್ಲಿನ ಚಿಕಿತ್ಸೆ ನಿರ್ಧರಿಸುವುದು ದೊಡ್ಡ ಊರಿನ ದೊಡ್ಡ ಕ್ಲಿನಿಕ್ಕಿನ ಮಾತು ಎಂಬ ಭಾವನೆಯಿದೆ. ಅದು ಸರಿಯಲ್ಲ. ದಿನದ ಕೂಲಿ ಬಿಟ್ಟು ಹಳ್ಳಿಯಿಂದ ಬಸ್ಸು ಹತ್ತಿ ಮಳವಳ್ಳಿಗೋ ಮದ್ದೂರಿಗೋ ಬರುವ ರೋಗಿಗೇ ಅದು ಹೆಚ್ಚು ಬೇಕು. ಕೆಲಸಕ್ಕೆ ಬಾರದ ಚಿಕಿತ್ಸೆಗೆ ಸುರಿಯಲು ಅವರಲ್ಲಿ ದುಡ್ಡೂ ಇಲ್ಲ, ಪುರುಸೊತ್ತೂ ಇಲ್ಲ.

ಹುಳುಕು ನರಕ್ಕೆ ತಾಗಿದಾಗ ಬರುವ ನೋವನ್ನೇ ನೋಡಿ. ಹೆಚ್ಚಿನವರು ಮೊದಲು ಹೋಗುವುದು ಮೆಡಿಕಲ್ ಸ್ಟೋರಿಗೆ, ಕೊಳ್ಳುವುದು ಆ್ಯಂಟಿಬಯಾಟಿಕ್. ನರದ ಉರಿಯೂತದ ಈ ನೋವನ್ನು ಆ್ಯಂಟಿಬಯಾಟಿಕ್ ತಗ್ಗಿಸುವುದಿಲ್ಲ. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2019ರ ಮಾರ್ಗಸೂಚಿಯಲ್ಲಿ ಇಂಥ ನೋವಿಗೆ ಅದನ್ನು ಕೊಡಬೇಡಿ ಎಂದಿತು. ಬೇಕಾದದ್ದು ನೋವಿನ ಮಾತ್ರೆ, ಆಮೇಲೆ ಹಲ್ಲಿನ ಚಿಕಿತ್ಸೆ. ಜ್ವರ ಬಂದರೆ, ಮುಖಕ್ಕೆ ಬಾವು ಹರಡಿದರೆ ಮಾತು ಬೇರೆ.

ರೂಟ್ ಕೆನಾಲಿನ ಪುರಾವೆ ಇನ್ನೂ ಉಪಯುಕ್ತ. ಒಂದೇ ಭೇಟಿಯಲ್ಲಿ ಮುಗಿಸಿದರೂ ಹಲವು ಭೇಟಿಗಳಲ್ಲಿ ಮುಗಿಸಿದರೂ ಯಶಸ್ಸಿನಲ್ಲಿ ಸ್ಪಷ್ಟ ವ್ಯತ್ಯಾಸ ಕಾಣುವುದಿಲ್ಲ ಎನ್ನುತ್ತವೆ ಕಾಕ್ರೇನ್ ಸಂಸ್ಥೆಯ ವಿಮರ್ಶೆಗಳು. ಒಂದೇ ಭೇಟಿಯಲ್ಲಿ ಮುಗಿಸಿದವರಿಗೆ ಮೊದಲ ವಾರ ನೋವು ತುಸು ಹೆಚ್ಚಿರಬಹುದು, ಅಷ್ಟೆ. ಮತ್ತೆ ಮತ್ತೆ ಬರಲಾಗದೆ ‘ಕಿತ್ತೇ ಬಿಡಿ’ ಎನ್ನುವವರ ಹಲ್ಲು ಉಳಿಸಲು ಇದು ದಾರಿ.

ಆದರೆ ಎಲ್ಲಿಯದೋ ಪುರಾವೆಯನ್ನು ಹಾಗೇ ಎತ್ತಿ ತಂದರೆ ಎಡವುತ್ತೇವೆ. ಬ್ರಿಟನ್ನಿನ ‘ಇಂಟರ್‌ವಲ್’ ಪ್ರಯೋಗದ 2020ರ ವರದಿಯ ಪ್ರಕಾರ, ಅಪಾಯ ಕಡಿಮೆ ಇರುವವರು 6 ತಿಂಗಳಿಗೊಮ್ಮೆ ತಪಾಸಣೆಗೆ ಬಂದರೂ 24 ತಿಂಗಳಿಗೊಮ್ಮೆ ಬಂದರೂ ವಸಡಿನ ಆರೋಗ್ಯದಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಅವರು ಮೊದಲಿನಿಂದಲೂ ತಪ್ಪದೆ ದಂತವೈದ್ಯರನ್ನು ಕಾಣುತ್ತಿದ್ದವರು. ನೋವು ತಡೆಯಲಾರದ ಮೇಲೆ ಮೊದಲ ಸಲ ಬಾಯಿ ತೋರಿಸುವವರಿಗೆ ಆ ಲೆಕ್ಕ ಒಪ್ಪದು.

ನಮಗೆ ಹೆಚ್ಚು ಒಪ್ಪುವ ಪುರಾವೆ ಪಕ್ಕದ ಕೇರಳದಲ್ಲಿದೆ. ತಿರುವನಂತಪುರ ಜಿಲ್ಲೆಯಲ್ಲಿ ಸುಮಾರು 1.9 ಲಕ್ಷ ಜನರನ್ನು ಒಳಗೊಂಡು ನಡೆದ ಪ್ರಯೋಗ 2005ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಬಾಯನ್ನು ಕಣ್ಣಾರೆ ನೋಡಿ ಪರೀಕ್ಷಿಸಿದ್ದರಿಂದ, ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ 34ರಷ್ಟು ತಗ್ಗಿತು. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ ಹಾಕುವ ನಮ್ಮ ಸೀಮೆಗೆ ಇದಕ್ಕಿಂತ ಹತ್ತಿರದ ಸಾಕ್ಷ್ಯ ಯಾವುದು? ಹಲ್ಲು ಕೀಳಿಸಲು ಬಂದವರ ಕೆನ್ನೆಯ ಒಳಭಾಗ, ನಾಲಿಗೆಯ ಅಂಚು ನೋಡಲು ಬೇಕಾದದ್ದು ಬೆಳಕು ಮತ್ತು ಒಂದೆರಡು ನಿಮಿಷ.

ಪುರಾವೆ ನೋಡಿ ಚಿಕಿತ್ಸೆ ನಿರ್ಧರಿಸುವ ಪದ್ಧತಿ ಸೊರಗುವುದು ಜ್ಞಾನದ ಕೊರತೆಯಿಂದಲ್ಲ, ದುಡಿಮೆಯ ಲೆಕ್ಕದಿಂದ. ದಂತವೈದ್ಯರಿಗೆ ಹಣ ಬರುವುದು ಕೀಳುವುದಕ್ಕೆ, ತುಂಬುವುದಕ್ಕೆ, ಕಟ್ಟುವುದಕ್ಕೆ. ‘ಈ ಮಾತ್ರೆ ಬೇಡ’ ಎಂದು ತಿಳಿಹೇಳಲು, ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆಂಬ ಹೆದರಿಕೆ ಬಿಡಿಸಲು ಹಿಡಿಯುವ ಹೊತ್ತಿಗೆ ಶುಲ್ಕವಿಲ್ಲ. ಸಂಬಳದ ದಂತವೈದ್ಯರಿರುವ ಸರ್ಕಾರಿ ಆಸ್ಪತ್ರೆಗಳಿಗೆ ಈ ಇಕ್ಕಟ್ಟಿಲ್ಲ. ಆರಂಭ ಅಲ್ಲಿಂದಲೇ ಆಗಬೇಕು.