ಯಾದೃಚ್ಛಿಕ ಸಂಖ್ಯೆಯೂ ರಿಕರ್ಸಿವ್ ಫಂಕ್ಷನ್ನೂ : ಒಂದು ವಿಮರ್ಶೆ

ಜಾವಾಸ್ಕ್ರಿಪ್ಟ್ ಕಲಿಯತೊಡಗಿದ ವಿದ್ಯಾರ್ಥಿಗೆ ರಿಕರ್ಸಿವ್ ಫಂಕ್ಷನ್, ಎಂದರೆ ತನ್ನನ್ನು ತಾನೇ ಕರೆದುಕೊಳ್ಳುವ ಫಂಕ್ಷನ್, ಏನೆಂಬುದನ್ನು ತಿಳಿಸಲು ಒಂದು ಪಾಠವನ್ನು ಹೇಳಿಕೊಡುವುದುಂಟು. ಯಾದೃಚ್ಛಿಕ ಸಂಖ್ಯೆಯೊಂದನ್ನು ತೆಗೆಯುವುದು. ಅದು ಮೊದಲೇ ಬಂದಿದ್ದರೆ ಫಂಕ್ಷನ್ ತನ್ನನ್ನೇ ಮತ್ತೆ ಕರೆದು ಬೇರೊಂದನ್ನು ತೆಗೆಯುವುದು. ಈ ಪಾಠದ ಗುಣದೋಷಗಳನ್ನು ವಿಚಾರಿಸುವುದೇ ಈ ಬರೆಹದ ಉದ್ದೇಶ.

ಉದಾಹರಣೆಗೆ ಜಯನಗರವನ್ನೇ ತೆಗೆದುಕೊಳ್ಳೋಣ. ೧೯೪೮ರಲ್ಲಿ ಶಂಕುಸ್ಥಾಪನೆಯಾದ ಈ ಬಡಾವಣೆಯಲ್ಲಿ, ಟಿ ಬ್ಲಾಕ್ ಮುಂತಾದ ಒಳವಿಭಾಗಗಳನ್ನು ಬಿಟ್ಟರೆ, ೧ರಿಂದ ೯ರವರೆಗೆ ಸಂಖ್ಯೆಯಿಟ್ಟ ಬ್ಲಾಕುಗಳಿವೆ. ಸಮೀಕ್ಷೆಗೆ ಹೊರಟ ವಿದ್ಯಾರ್ಥಿಯು ಇವನ್ನು ಪಕ್ಷಪಾತವಿಲ್ಲದ ಕ್ರಮವೊಂದರಲ್ಲಿ ಸುತ್ತಬೇಕಾಗಿದೆ. ಮ್ಯಾಥ್.ರ‍್ಯಾಂಡಮ್ ಎಂಬುದು ಸೊನ್ನೆಯಿಂದ ಮೊದಲಾಗಿ ಒಂದನ್ನು ಮುಟ್ಟದ ಸಂಖ್ಯೆಯನ್ನು ಕೊಡುತ್ತದೆ. ಅದನ್ನು ೯ರಿಂದ ಗುಣಿಸಿ, ಭಿನ್ನಾಂಶವನ್ನು ಬಿಟ್ಟು, ೧ನ್ನು ಕೂಡಿಸಿದರೆ ಬ್ಲಾಕಿನ ಸಂಖ್ಯೆ ದೊರೆಯುವುದು.

ಮೇಲಿನ ಪಾಠದ ವಿಧಾನವು ನ್ಯಾಯವಾದುದೆಂಬುದನ್ನು ಒಪ್ಪಲೇಬೇಕು. ಉಳಿದ ಬ್ಲಾಕುಗಳಿಗೆಲ್ಲ ಅದು ಸಮಾನಾವಕಾಶವನ್ನು ಕೊಡುತ್ತದೆ. ಆದರೆ ಅದು ದುಂದುಗಾರ. ಕಡೆಯ ಬ್ಲಾಕೊಂದಕ್ಕೇ ಸರಾಸರಿ ೯ ಸಲ ಸಂಖ್ಯೆ ತೆಗೆಯಬೇಕು. ಒಂಬತ್ತಕ್ಕೂ ಸೇರಿ ಸರಾಸರಿ ೨೫ಕ್ಕಿಂತ ಹೆಚ್ಚು. ಕೈತಪ್ಪಿ ಹತ್ತನೆಯದನ್ನು ಕೇಳಿದೆವೋ, ಫಂಕ್ಷನ್ ತನ್ನನ್ನು ಕರೆದುಕೊಳ್ಳುತ್ತಲೇ ಹೋಗಿ, ಕರೆಗಳಿಗೆ ಮೀಸಲಾದ ಸ್ಮೃತಿ ತುಂಬಿ, ದೋಷವಾಗಿ ನಿಲ್ಲುವುದು.

ಇದಕ್ಕೆ ಅಂಜಿ ಕೆಲವರು, ಬಂದದ್ದೇ ಬಂದರೆ ಅದರ ಮುಂದಿನದನ್ನು ತೆಗೆದುಕೊಳ್ಳುತ್ತಾರೆ. ಇದು ಇನ್ನೂ ದೊಡ್ಡ ತಪ್ಪು. ಮೂರೇ ಬ್ಲಾಕುಗಳಿದ್ದು ಮೊದಲು ೧ ಬಂದಿತೆನ್ನೋಣ. ಎರಡನೆಯ ಸಲ ೧ ಬಂದರೂ ೨ ಬಂದರೂ ಆರಿಸುವುದು ೨ನ್ನೇ. ಹೀಗೆ ೨ಕ್ಕೆ ಮೂರರಲ್ಲಿ ಎರಡು ಪಾಲು ಅವಕಾಶ, ೩ಕ್ಕೆ ಒಂದೇ ಪಾಲು. ಸಮೀಕ್ಷೆಯ ನಿಷ್ಪಕ್ಷಪಾತವೇ ಇಲ್ಲಿ ಕೆಟ್ಟಿತು. ಆದರೂ ಫಲಿತಾಂಶವನ್ನು ಮೇಲೆ ಮೇಲೆ ನೋಡಿದವರಿಗೆ ಅದು ಕಾಣದು.

ಸರಿಯಾದ ಮಾರ್ಗವನ್ನು ಫಿಶರ್ ಮತ್ತು ಯೇಟ್ಸ್ ೧೯೩೮ರಲ್ಲಿಯೇ ತಮ್ಮ ಸಂಖ್ಯಾಶಾಸ್ತ್ರೀಯ ಕೋಷ್ಟಕಗಳ ಗ್ರಂಥದಲ್ಲಿ ತೋರಿಸಿದ್ದರು. ೧೯೬೪ರಲ್ಲಿ ಡರ್ಸ್ಟನ್‌ಫೆಲ್ಡ್ ಅದನ್ನು ಕಂಪ್ಯೂಟರಿಗೆ ಹೊಂದಿಸಿದರು. ಪಟ್ಟಿಯಿಂದ ಒಂದನ್ನು ಆರಿಸಿ ಹೊಡೆದುಹಾಕಬೇಕು. ಉಳಿದ ಎಂಟರ ಪಟ್ಟಿಯನ್ನು ಅದೇ ಫಂಕ್ಷನ್ನಿಗೆ ಒಪ್ಪಿಸಬೇಕು. ಪಟ್ಟಿ ಬರಿದಾದಾಗ ನಿಲ್ಲಬೇಕು. ಒಂಬತ್ತು ಬ್ಲಾಕುಗಳಿಗೆ ಒಂಬತ್ತೇ ಸಲ.

ಈ ಭೇದವು ನಮ್ಮ ಛಂದಶ್ಶಾಸ್ತ್ರಕ್ಕೆ ಹೊಸದಲ್ಲ. ನಾಗವರ್ಮನ ಛಂದೋಂಬುಧಿಯನ್ನು ಓದಿದವರು ಷಟ್ಪ್ರತ್ಯಯಗಳನ್ನು ಬಲ್ಲರು. ಅವುಗಳಲ್ಲಿ ನಷ್ಟವೆಂಬುದು ಪ್ರಸ್ತಾರದ ಕ್ರಮಾಂಕದಿಂದ ಗುರುಲಘುಗಳನ್ನು ಕಂಡುಹಿಡಿಯುವ ರೀತಿ. ಸಂಖ್ಯೆ ಸಮವಾದರೆ ಲಘುವನ್ನಿಟ್ಟು ಅರ್ಧಿಸುವುದು. ವಿಷಮವಾದರೆ ಗುರುವನ್ನಿಟ್ಟು, ಒಂದನ್ನು ಕೂಡಿಸಿ ಅರ್ಧಿಸುವುದು. ಮೂರಕ್ಷರದ ಗಣಗಳಲ್ಲಿ ಆರನೆಯದನ್ನು ಕೇಳಿದರೆ ೬ರಿಂದ ಲಘು, ೩ರಿಂದ ಗುರು, ೨ರಿಂದ ಲಘು: ಅದು ಜಗಣ. ಅದೇ ಸೂತ್ರ ಮತ್ತೆ ಮತ್ತೆ ಬರುತ್ತದೆ. ಆದರೆ ಪ್ರತಿಸಲವೂ ತುಂಬಬೇಕಾದ ಅಕ್ಷರ ಒಂದೊಂದು ಕಡಮೆಯಾಗುತ್ತದೆ.

ಆದುದರಿಂದ ತನ್ನನ್ನು ತಾನು ಕರೆದುಕೊಂಡ ಮಾತ್ರಕ್ಕೆ ಫಂಕ್ಷನ್ ಒಳ್ಳೆಯ ರಿಕರ್ಸಿವ್ ಪಾಠವಾಗದು. ಒಂದೊಂದು ಕರೆಗೂ ಕೆಲಸ ಕುಗ್ಗಬೇಕು. ಕುಗ್ಗದೆ ಅದೃಷ್ಟವನ್ನು ಕಾದು ಕುಳಿತ ಫಂಕ್ಷನ್ನನ್ನು ಮಾದರಿಯೆಂದು ತರಗತಿಯಲ್ಲಿಡುವುದು ಉಚಿತವಲ್ಲ.