ಒಂದೇ ಅರಮನೆ, ಎರಡು ಯುದ್ಧ

ಬೆಂಗಳೂರಿಂದ ಮೈಸೂರಿಗೆ ಹೋಗೋ ನಮ್ಮಂಥವರಿಗೆ ಶ್ರೀರಂಗಪಟ್ಟಣ ಅಂದ್ರೆ ಒಂದು ಗಂಟೆಯ ಸ್ಟಾಪ್. ರಂಗನಾಥನ ದರ್ಶನ, ದರಿಯಾ ದೌಲತ್ ಮುಂದೆ ಸೆಲ್ಫಿ, ಆಮೇಲೆ ಊಟ. ಆದರೆ ದರಿಯಾ ದೌಲತ್ ಅವಸರದಲ್ಲಿ ನೋಡೋ ಜಾಗ ಅಲ್ಲ. ಅಲ್ಲಿನ ಗೋಡೆ ಒಂದು ಕತೆ ಹೇಳುತ್ತೆ, ಒಳಗಿನ ಮ್ಯೂಸಿಯಂ ಇನ್ನೊಂದು.

ಟಿಪ್ಪು ಬೇಸಿಗೆಗೆ ಅಂತ 1784ರಲ್ಲಿ ಕೋಟೆಯ ಹೊರಗೆ ಕಟ್ಟಿಸಿದ ಅರಮನೆ ಇದು. ಪಶ್ಚಿಮದ ಗೋಡೆಯಲ್ಲಿ 1780ರ ಪೊಲ್ಲಿಲೂರು ಯುದ್ಧ ಇದೆ. ಸೋತ ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ, ಮದ್ದಿನ ಗಾಡಿ ಸಿಡೀತಿದೆ. ಹೈದರ್, ಟಿಪ್ಪು ಮಾತ್ರ ಮೆರವಣಿಗೆ ಹೊರಟವರಷ್ಟು ನಿರಾಳ. ಹತ್ತಿರ-ದೂರದ ಲೆಕ್ಕವಿಲ್ಲ, ಮಾಳಿಗೆ ಮೇಲಿಂದ ಜಾತ್ರೆ ನೋಡಿದ ಹಾಗೆ ಎಲ್ಲ ಒಟ್ಟಿಗೇ ಕಾಣುತ್ತೆ.

ಒಳಗಡೆ ರಾಬರ್ಟ್ ಕೆರ್ ಪೋರ್ಟರ್ 1800ರಲ್ಲಿ ಬರೆದ ಚಿತ್ರ ಇದೆ. ಅದು 1799ರ ಮೇ 4, ಕೋಟೆ ಬಿದ್ದ ದಿನ. ಹೊಗೆ, ಬೆಂಕಿ, ನುಗ್ಗಿ ಬರೋ ಕೆಂಪು ಕೋಟುಗಳು. ಪೋರ್ಟರ್ ಆಗ ಇಂಡಿಯಾವನ್ನೇ ನೋಡಿರಲಿಲ್ಲ! ಇದೇ ದೃಶ್ಯದ ದೊಡ್ಡ ಪನೋರಮಾವನ್ನು ಲಂಡನ್ನಿನ ಜನ ದುಡ್ಡು ಕೊಟ್ಟು ನೋಡಿದ್ರು.

ಎರಡನ್ನೂ ಜೋಡಿಸೋ ಮನುಷ್ಯ ಡೇವಿಡ್ ಬೇರ್ಡ್. ಪೊಲ್ಲಿಲೂರಲ್ಲಿ ಸೆರೆಸಿಕ್ಕು, ಇದೇ ಪಟ್ಟಣದಲ್ಲಿ 1784ರ ತನಕ ಕೈದಿಯಾಗಿದ್ದವನು. 1799ರ ದಾಳಿಯ ಮುಂದಾಳು ಅವನೇ. ಇದು ಗೊತ್ತಾದ್ರೆ ಎರಡು ಚಿತ್ರ ಒಂದೇ ಕತೆಯ ಎರಡು ಕಂತಾಗುತ್ತೆ.

ಇನ್ನೊಂದು ಸ್ವಾರಸ್ಯ. ಕೋಟೆ ಬಿದ್ದ ಮೇಲೆ ಈ ಅರಮನೆಯಲ್ಲಿ ವಾಸವಿದ್ದ ಆರ್ಥರ್ ವೆಲ್ಲೆಸ್ಲಿ ಗೋಡೆಚಿತ್ರ ರಿಪೇರಿ ಮಾಡಿಸಿದ. ಮುಂದೆ ಡಾಲ್‌ಹೌಸಿಯೂ ಮಾಡಿಸಿದ. ಅಂದ್ರೆ ನಾವು ಇವತ್ತು ನೋಡ್ತಿರೋದು ಎದುರಾಳಿಗಳೇ ಎಡಿಟ್ ಮಾಡಿದ ಫೈಲ್! ತಮ್ಮವರ ಸೋಲನ್ನು ಅಳಿಸದೆ ಉಳಿಸಿದ್ದು ದೊಡ್ಡತನ ಇರಬಹುದು. ಹೇಗೂ ಕೊನೆಗೆ ಗೆದ್ದವರು ನಾವೇ ಅನ್ನೋ ಧೈರ್ಯವೂ ಇರಬಹುದು. ಟಿಪ್ಪು ವಾಸವಿದ್ದ ಲಾಲ್ ಮಹಲ್‌ಗೆ ಆ ಭಾಗ್ಯ ಇರಲಿಲ್ಲ, ಅಲ್ಲಿ ಉಳಿದಿರೋದು ಪಾಯ ಮಾತ್ರ. ಅವನ ಮರದ ಹುಲಿ ಲಂಡನ್ನಿನ ಮ್ಯೂಸಿಯಂ ಸೇರಿದೆ.

ವಾಟ್ಸಾಪಲ್ಲಿ ಟಿಪ್ಪು ವೀರನಾ ಖಳನಾ ಅಂತ ಕಿತ್ತಾಡ್ತೀವಲ್ಲ, ಎರಡೂ ಕಡೆಯವರು ಈ ಗೋಡೆಯನ್ನು ನೆಟ್ಟಗೆ ನೋಡಿದ್ದಾರಾ ಅಂತ ನನಗೆ ಅನುಮಾನ. ಇಲ್ಲಿರೋದು ಎರಡೂ ಗೆದ್ದವರು ಬರೆಸಿದ ಜಾಹೀರಾತು. ಇಬ್ಬರ ಮಾತೂ ಕೇಳದೆ ನಮ್ಮೂರ ಪಂಚಾಯ್ತಿ ಕಟ್ಟೇಲೂ ತೀರ್ಪು ಕೊಡಲ್ಲ. ಮುಂದಿನ ಸಲ ಹೋದಾಗ ಮೊದಲು ಗೋಡೆಯಲ್ಲಿ ಬೇಯ್ಲಿಯನ್ನು ಹುಡುಕಿ, ಆಮೇಲೆ ಒಳಗೆ ಹೋಗಿ ಬೇರ್ಡ್‌ನನ್ನು ಹುಡುಕಿ. ಊಟ ಅರ್ಧ ಗಂಟೆ ತಡವಾದ್ರೆ ಏನೂ ಮುಳುಗಿ ಹೋಗಲ್ಲ.