‘ಐತಿಹಾಸಿಕ’ ಎಂಬ ವಿಶೇಷಣ

ಇಂಗ್ಲಿಷಿನಲ್ಲಿ ‘ಹಿಸ್ಟಾರಿಕ್’, ‘ಹಿಸ್ಟಾರಿಕಲ್’ ಎಂದು ಎರಡು ವಿಶೇಷಣಗಳುಂಟು. ಒಂದೇ ಬೇರಿನಿಂದ ಹುಟ್ಟಿದ ಇವೆರಡನ್ನೂ ಕನ್ನಡದಲ್ಲಿ ‘ಐತಿಹಾಸಿಕ’ ಎಂಬ ಒಂದೇ ಮಾತಿನಿಂದ ಹೇಳುವುದು ರೂಢಿ. ಆದರೆ ಅವುಗಳ ಅರ್ಥ ಒಂದೇ ಅಲ್ಲ. ಇತಿಹಾಸಕ್ಕೆ ಸಂಬಂಧಪಟ್ಟದ್ದೆಲ್ಲವೂ ಹಿಸ್ಟಾರಿಕಲ್. ಇತಿಹಾಸದ ಗತಿಯನ್ನು ತಿರುಗಿಸಿ ಅಲ್ಲಿ ನೆಲೆನಿಂತದ್ದು ಮಾತ್ರ ಹಿಸ್ಟಾರಿಕ್. ಒಂದು ಸಂಬಂಧವನ್ನು ತಿಳಿಸುತ್ತದೆ, ಇನ್ನೊಂದು ಬೆಲೆಕಟ್ಟುತ್ತದೆ. ಹಿಂದಿನ ಇಂಗ್ಲಿಷ್ ಲೇಖಕರು ಇವನ್ನು ಬೆರಸಿ ಬಳಸಿದ್ದುಂಟು. ಈ ವಿಂಗಡಣೆ ಕಾಲಕ್ರಮದಲ್ಲಿ ಗಟ್ಟಿಯಾದದ್ದು.

ಈ ಭೇದವನ್ನು ತಿಳಿಯಲು ಮಲೆನಾಡನ್ನು ಬಿಟ್ಟು ಹೋಗಬೇಕಾಗಿಲ್ಲ. ಸಾಗರದ ಸೀಮೆಯ ಕೆಳದಿ ಇಕ್ಕೇರಿಗಳು, ಹೊಸನಗರದ ಸೀಮೆಯ ಬಿದನೂರು, ತೀರ್ಥಹಳ್ಳಿಯ ಸೀಮೆಯ ಕವಲೇದುರ್ಗ, ಇವೆಲ್ಲ ಒಂದೇ ಅರಸುಮನೆತನದ ನೆಲೆಗಳು. 17ನೆಯ ಶತಮಾನದಲ್ಲಿ ಶಿವಪ್ಪನಾಯಕನು ಭೂಮಿಯನ್ನು ಅದರ ಗುಣಕ್ಕೆ ತಕ್ಕಂತೆ ಐದು ತರಗಳಾಗಿ ವಿಂಗಡಿಸಿ ಕಂದಾಯವನ್ನು ಗೊತ್ತುಮಾಡಿದನು. ‘ಶಿಸ್ತು’ ಎಂದು ಹೆಸರಾದ ಆ ಏರ್ಪಾಡು ಹಿಸ್ಟಾರಿಕ್. ಆ ಕಾಲದ ಯಾವುದೋ ಹಳ್ಳಿಯ ಲೆಕ್ಕದ ಕಡತವಾದರೋ ಹಿಸ್ಟಾರಿಕಲ್. ಅದರಿಂದ ರಾಜ್ಯದ ಗತಿ ಬದಲಾಗಲಿಲ್ಲ, ಆದರೆ ಅದಿಲ್ಲದೆ ಶಿಸ್ತು ಹೇಗೆ ನಡೆಯಿತೆಂಬುದನ್ನು ಅರಿಯುವ ಬಗೆಯಿಲ್ಲ. ಹಾಗೆಯೇ 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದದ್ದು ಹಿಸ್ಟಾರಿಕ್ ಘಟನೆ. ಆ ರಾಜ್ಯದ ಕೊನೆಗಾಲವನ್ನು ಕುರಿತ ಮಾಸ್ತಿಯವರ ‘ಚೆನ್ನಬಸವನಾಯಕ’ ಹಿಸ್ಟಾರಿಕಲ್ ಕಾದಂಬರಿ. ಇಲ್ಲಿ ವಿಶೇಷಣವು ಕೃತಿಯ ಜಾತಿಯನ್ನು ಹೇಳುತ್ತದೆಯೇ ಹೊರತು ಯೋಗ್ಯತೆಯನ್ನಲ್ಲ. ವಸ್ತುವಿನ ಹಿರಿಮೆ ತಾನಾಗಿ ಕೃತಿಯ ಹಿರಿಮೆಯಾಗದು. ಅದನ್ನು ವಿಮರ್ಶೆಯು ಬೇರೆಯಾಗಿಯೇ ತೂಗಿ ನೋಡಬೇಕು.

ಎರಡು ಹೊರೆಗಳನ್ನು ಒಂದೇ ಮಾತಿನ ಮೇಲೆ ಹೇರಿದ್ದರಿಂದ ಕನ್ನಡಕ್ಕೆ ಎರಡು ಹಾನಿಗಳಾಗಿವೆ. ಪ್ರತಿಯೊಂದು ಸಭೆಯೂ, ಪ್ರತಿಯೊಂದು ಶಂಕುಸ್ಥಾಪನೆಯೂ ‘ಐತಿಹಾಸಿಕ’ವಾಗಿ, ಆ ಮಾತು ಬರಿಯ ಹೊಗಳಿಕೆಯಾಗಿದೆ. ಇದಕ್ಕಿಂತ ದೊಡ್ಡದು ಎರಡನೆಯದು: ಐತಿಹಾಸಿಕವೆಂದರೆ ಭವ್ಯವಾದದ್ದೇ ಎಂಬ ಭಾವನೆ ಬೇರೂರಿದಾಗ, ಅಟ್ಟದ ಮೇಲಿನ ಕಡತವೂ ತಾಳೆಗರಿಯೂ ಯಾರ ಕಣ್ಣಿಗೂ ಐತಿಹಾಸಿಕವಾಗಿ ಕಾಣುವುದಿಲ್ಲ. ಕೋಟೆಗೆ ಸಿಕ್ಕ ಮರ್ಯಾದೆ ಕಾಗದಕ್ಕೆ ಸಿಕ್ಕದೆ, ಅದು ಮಲೆನಾಡಿನ ಮಳೆಗೂ ಗೆದ್ದಲಿಗೂ ಆಹಾರವಾಗುತ್ತದೆ.

ಇದಕ್ಕೆ ಪರಿಹಾರವೇನು? ‘ಚಾರಿತ್ರಿಕ’ ಎಂದು ಬದಲಿಸಿದರೆ ಪ್ರಯೋಜನವಿಲ್ಲ. ಅಲ್ಲಿಯೂ ಇರುವುದು ಸಂಬಂಧವನ್ನು ಹೇಳುವ ಅದೇ ಪ್ರತ್ಯಯ. ‘ಇತಿಹಾಸಪ್ರಸಿದ್ಧ’ವೆಂಬುದು ಕೀರ್ತಿಯನ್ನು ಹೇಳುತ್ತದೆ, ಪರಿಣಾಮವನ್ನಲ್ಲ. ಆದಕಾರಣ ‘ಐತಿಹಾಸಿಕ’ವನ್ನು ಅದರ ಪ್ರತ್ಯಯಕ್ಕೆ ಒಪ್ಪುವಂತೆ ಸಂಬಂಧಾರ್ಥದಲ್ಲಿಯೇ ಉಳಿಸುವುದು ಲೇಸು. ಇನ್ನೊಂದರ್ಥಕ್ಕೆ ಹೊಸ ಪದವನ್ನು ಟಂಕಿಸಬೇಕಾಗಿಲ್ಲ. ಆ ಘಟನೆಯಿಂದ ಏನು ಬದಲಾಯಿತೆಂದು ಲೇಖಕನು ಬಿಡಿಸಿ ಹೇಳಿದರೆ ಸಾಕು. ಹಾಗೆ ಹೇಳಲು ಏನೂ ಇಲ್ಲದಿದ್ದರೆ, ಆ ವಿಶೇಷಣಕ್ಕೆ ಅಲ್ಲಿ ಎಡೆಯೇ ಇರಲಿಲ್ಲವೆಂದು ತಿಳಿಯಬೇಕು.